ಕೌಂಟರ್‌ಮಾಂಡ್ ಎಂದರೆ ರದ್ದು

ಕೇರಳ ರಾಜ್ಯವಾದ ಹೊಸತರಲ್ಲಿ ನಾನು ಕಾಸರಗೋಡಿನಿಂದ ಕೊಚ್ಚಿಗೆ ಬಂದು ಒಂದು ಸರಕಾರಿ ಕಚೇರಿಯಲ್ಲಿ ಟೈಪಿಸ್ಟ್ ಆಗಿ ಸೇರಿದೆ. ಅಲ್ಲಿ ಹೆಂಗಸರು ಇಬ್ಬರೇ. ನಾನು, ಮತ್ತು ನನಗಿಂತ ಹತ್ತು ವರ್ಷ ಹಿರಿಯರಾದ ಒಬ್ಬ ಮಲಯಾಳಿ ಗುಮಾಸ್ತೆ. ಅವರನ್ನು ಚೇಚಿ, ಅಂದರೆ ಅಕ್ಕ, ಎಂದು ಕರೆಯುತ್ತಿದ್ದೆ.

ಒಂದು ದಿನ ಸೂಪರಿಂಟೆಂಡೆಂಟರು ಆರ್ಡರ್ ಹೊರಡಿಸಿದರು: ಇನ್ನು ಮೇಲೆ ಹೆಂಗಸರು ತಮ್ಮ ಮೇಜಿನಲ್ಲಿ ಊಟ ಮಾಡಕೂಡದು, ಹಳೆಯ ಕಡತಗಳ ಕೋಣೆಗೆ ಹೋಗಬೇಕು. ಅದನ್ನು ಟೈಪ್ ಮಾಡಿದವಳೂ ನಾನೇ. ಆ ಕೋಣೆಗೆ ಕಿಟಕಿಯಿರಲಿಲ್ಲ. ಗೆದ್ದಲು ಹಿಡಿದ ಕಾಗದದ ವಾಸನೆಗೆ ಅನ್ನ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಮೂರು ದಿನ ಸಹಿಸಿ, ತಿರುವನಂತಪುರದ ಮುಖ್ಯ ಕಚೇರಿಗೆ ಅರ್ಜಿ ಬರೆದೆ.

ಉತ್ತರ ಸೂಪರಿಂಟೆಂಡೆಂಟರಿಗೆ ಬಂತು. ಇಂಗ್ಲಿಷಿನಲ್ಲಿ ಒಂದೇ ಸಾಲು: ನಿಮ್ಮ ಆರ್ಡರನ್ನು ‘ಕೌಂಟರ್‌ಮಾಂಡ್’ ಮಾಡಲಾಗಿದೆ.

ಅವರು ಎಲ್ಲರೆದುರು ಆ ಕಾಗದ ಬೀಸಿ, ಚಿಕ್ಕ ಹುಡುಗಿಯನ್ನು ಕರೆಯುವಂತೆ ನನ್ನನ್ನು ಕರೆದರು. “ಕಂಡೆಯಾ ಕುಟ್ಟೀ? ಕೌಂಟರ್‌ಸೈನ್ ಅಂದರೆ ಒಪ್ಪಿ ಹಾಕುವ ಎದುರು ಸಹಿ, ಇದೂ ಹಾಗೇ. ಮೇಲಿನವರೂ ಒಪ್ಪಿದ್ದಾರೆ.”

ನನಗೆ ನಂಬಿಕೆ ಬರಲಿಲ್ಲ. ನಮ್ಮ ಕಚೇರಿಯಲ್ಲಿದ್ದ ಮೈಸೂರು ಕಡೆಯ ಹಿರಿಯ ಗುಮಾಸ್ತರೊಬ್ಬರ ಬಳಿ ನಿಘಂಟಿತ್ತು. ಪುಟ ತೆಗೆದು ಪಿಸುಗುಟ್ಟಿದರು: “ನೋಡಿಮ್ಮ, ಕೊಟ್ಟ ಅಪ್ಪಣೇನ ಎದುರು ಅಪ್ಪಣೆ ಕೊಟ್ಟು ರದ್ದು ಮಾಡೋದು ಅಂತಿದೆ. ಆದ್ರೆ ನನ್ನ ಹೆಸರು ಎತ್ತಬೇಡಿ.”

ಎತ್ತಲಿಲ್ಲ. ನಿಘಂಟನ್ನಷ್ಟೇ ಎತ್ತಿಕೊಂಡು ಸೂಪರಿಂಟೆಂಡೆಂಟರ ಬಳಿಗೆ ಹೋದೆ.

“ಸಾರ್, ಇದರ ಅರ್ಥ ರದ್ದುಪಡಿಸು ಅಂತ.”

“ಡಿಕ್ಷನರಿ ಕಾಲೇಜಿಗೆ. ಆಫೀಸಿನಲ್ಲಿ ಬಳಕೆ ಬೇರೆ.”

“ಹಾಗಾದ್ರೆ ಬರೆದವರನ್ನೇ ಕೇಳಿ ಬರ್ತೇನೆ.”

ಎರಡು ದಿನದ ರಜೆ ಬರೆದಿಟ್ಟು ಬಸ್ಸು ಹತ್ತಿದೆ. ತಿರುವನಂತಪುರದ ತಂಪಾನೂರು ಬಸ್ ನಿಲ್ದಾಣದಲ್ಲಿ ಇಳಿಯುವಾಗ ಸೊಂಟ ಹಿಡಿದುಹೋಗಿತ್ತು. ಮುಖ್ಯ ಕಚೇರಿಯಲ್ಲಿ ಆ ಉತ್ತರ ಬರೆದ ಅಧಿಕಾರಿ ಒಳಗೆ ಕರೆಯುವ ತನಕ ಬೆಂಚಿನಿಂದ ಏಳಲಿಲ್ಲ.

“ಈ ಪದಕ್ಕೆ ಇನ್ನೊಂದು ಅರ್ಥ ಉಂಟಾ ಸಾರ್?”

“ಇಲ್ಲವಲ್ಲ.”

“ನಮ್ಮ ಆಫೀಸಿನಲ್ಲಿ ಉಂಟು.”

ನಡೆದದ್ದನ್ನು ಕೇಳಿ ಅವರ ಮುಖ ಬಿಗಿಯಿತು. “ನೀವು ಹೋಗಿ. ನಾನು ಹೇಳಿಕಳಿಸುತ್ತೇನೆ.”

“ಹೇಳುವುದು ಬೇಡ ಸಾರ್. ಬರೆದು ಕೊಡಿ. ‘ಕ್ಯಾನ್ಸಲ್’ ಅಂತಲೇ ಬರೆಯಿರಿ.”

ಹೇಳಿ ಅವರ ಮೇಜಿನೆದುರೇ ನಿಂತೆ. ಅವರು ಬರೆದರು.

ಕೊಚ್ಚಿಗೆ ಮರಳಿ ಆ ಕಾಗದ ಕೊಟ್ಟಾಗ, ಅದನ್ನು ನೋಟಿಸ್ ಬೋರ್ಡಿಗೆ ಹಾಕುವ ಅಗತ್ಯವಿಲ್ಲ ಎಂದರು ನಮ್ಮ ಸೂಪರಿಂಟೆಂಡೆಂಟರು. ನಾನು ಪ್ರತಿಗಳನ್ನು ಟೈಪ್ ಮಾಡಿ ಒಬ್ಬೊಬ್ಬರ ಮೇಜಿನ ಮೇಲೂ ಇಟ್ಟೆ. ಆ ಮಧ್ಯಾಹ್ನ ನನ್ನ ಮೇಜಿನಲ್ಲೇ ಉಂಡೆ. ಆ ವರ್ಷದ ಗುಪ್ತ ವರದಿಯಲ್ಲಿ ನನ್ನ ಬಗ್ಗೆ ‘ವಿಧೇಯತೆ ಸಾಲದು’ ಎಂದು ಬರೆದರಂತೆ. ಬರೆಯಲಿ.

ಚೇಚಿ ಅಳುಕಿ, ಇನ್ನೂ ಒಂದು ವಾರ ಆ ಕಡತಗಳ ಕೋಣೆಯಲ್ಲೇ ಉಂಡರು. ಆಮೇಲೆ ಒಂದು ದಿನ ಕುರ್ಚಿ ಎಳೆದು ನನ್ನೆದುರು ಕೂತು, ಇಡೀ ಕಚೇರಿ ನೋಡುತ್ತಿದ್ದಂತೆ ಮೀನಿನ ಸಾರಿನ ಮುಚ್ಚಳ ತೆಗೆದರು.