ಮಗನಾದ ಮೇಲೆ ಹುಟ್ಟಿದ ಅಪ್ಪ

ರಾಣೆಬೆನ್ನೂರು ಸ್ಟೇಷನ್ನಿನಲ್ಲಿ ನನ್ನ ಪಕ್ಕ ಕೂತವರ ಕೈಯಲ್ಲಿ ಹಳೆಯದೊಂದು ಬಾಹ್ಯಾಕಾಶ ಕಾದಂಬರಿ ಮಾಲೆಯ ಮೊದಲ ಪುಸ್ತಕವಿತ್ತು. ಬರೆದವರು ತೀರಿಕೊಂಡು ಎಷ್ಟೋ ವರ್ಷವಾಗಿದೆ. ಅದರ ನಾಯಕನ ಅಪ್ಪ ಅವ್ವನ ಕಥೆಯನ್ನು ಈಗ ಎರಡು ಭಾಗ ಮಾಡಿ ಬರೆದವನು ನಾನು. ಅದನ್ನು ಹೇಳದೆ ಕೆದಕಿದೆ.

“ಇದರ ಹಿಂದಿನ ಕಥಿ ಎರಡು ಭಾಗ ಬಂದಾವಲ್ರಿ, ಓದೀರೇನು?”

“ಎರಡೂ ಓದೇನ್ರಿ,” ಅಂದರು, ಮುಖ ಸಿಂಡರಿಸಿಕೊಂಡು. “ನಾ ಬೀಜದ ಕಂಪನಿಯಾಗ ಎರಡು ತಳಿ ಕೂಡ್ಸಿ ಕ್ರಾಸಿಂಗ್ ಮಾಡಸ್ತೇನಿ. ಹೈಬ್ರಿಡ್ ಮೆಣಸಿನಕಾಯಿ ನೋಡಿ ರೈತ ಖುಷಿ ಪಡ್ತಾನ. ಅದರ ಅಪ್ಪ ಅವ್ವ, ಅಂದ್ರ ಗಂಡು ಹೆಣ್ಣು ಗಿಡಾ, ನೋಡಿದ್ರ ಸಣಕಲ ಇರ್ತಾವ. ಅವನ್ನ ನಾವು ಯಾರಿಗೂ ತೋರ್ಸಂಗಿಲ್ಲ.”

ನನಗೆ ಚುಚ್ಚಿತು. “ಆದ್ರ ಅವು ಇಲ್ಲದ ಹೈಬ್ರಿಡ್ ಹುಟ್ಟತೈತೇನ್ರಿ?”

“ಹುಟ್ಟಂಗಿಲ್ಲ. ಆದ್ರ ಆ ಗಿಡಾ ಖರೇನ ಮೊದಲ ಇದ್ದವು. ಇಲ್ಲಿ ಮಗಾ ಹುಟ್ಟಿ ನಲವತ್ತು ವರ್ಷಕ್ಕ ಅಪ್ಪ ಹುಟ್ಟ್ಯಾನ. ಅದೂ ಮಗನ ಮಾತು ಕದ್ದು ಆಡ್ತಾನ.”

ಇಷ್ಟು ಅಂದು, “ನಿಮಗ ಹೆಂಗನಿಸಿತ್ರಿ?” ಅಂತ ಕೇಳಿದರು.

“ನಾ ಓದಿಲ್ರಿ,” ಅಂದೆ. ಮೂರು ವರ್ಷ ಕೂತು ಬರೆದವನ ಬಾಯಲ್ಲಿ ಅದು ಎಷ್ಟು ಸಲೀಸಾಗಿ ಬಂತು!

“ಪುಣ್ಯಾ ಮಾಡೀರಿ ಬಿಡ್ರಿ. ಮೂರನೇದು ಬಂದ್ರೂ ನಾ ತೊಗೋತೇನಿ. ಬೈಯಾಕಾದ್ರೂ ಓದಬೇಕಲ್ರಿ.”

ಹಾವೇರಿಯ ನನ್ನ ಪ್ರಕಾಶಕರೂ ಇದನ್ನೇ ಹೇಳಿದ್ದರು: ಬೈಕೊಂತ ಓದತಾರ, ನೀವು ಬರೀರಿ. ಅವರಿಗೆ ಕೊಡಬೇಕಾದ ಮೂರನೆಯ ಭಾಗದ ಹಸ್ತಪ್ರತಿ ನನ್ನ ತೊಡೆಯ ಮೇಲಿನ ಚೀಲದಲ್ಲೇ ಇತ್ತು. ಅದರಲ್ಲಿ ನಾಯಕನ ಅಜ್ಜ ಹುಟ್ಟುತ್ತಾನೆ.