ಕಣ್ಣಿಗೆ ಕಾಣದ ದೀಪ ಕೂಡಿಸಿದ್ದು

1997ರಲ್ಲಿ ನಾನು ಶಾಲೆ ಬಿಟ್ಟೆ. ಏಳನೆಯ ತರಗತಿ, ಇಂಗ್ಲಿಷ್ ಒಂದರಲ್ಲೇ ಫೇಲಾಗಿದ್ದೆ. ಇನ್ನೊಂದು ವರ್ಷ ಕೂತಿದ್ದರೆ ದಾಟುತ್ತಿತ್ತು. ಆದರೆ ನನಗಿಂತ ಚಿಕ್ಕವರ ಜೊತೆ ಅದೇ ಪಾಠಕ್ಕೆ ಕೂಡಲು ಮನಸ್ಸು ಒಪ್ಪಲಿಲ್ಲ. "ಕೂಡಂಗಿಲ್ಲ ಅಂದ್ರ ಕೂಡಂಗಿಲ್ಲ" ಎಂದೆ. ಅಪ್ಪ ಹೆಚ್ಚು ಮಾತಾಡದೆ ಅಳವಂಡಿಯಲ್ಲಿ ಬಸ್ಸು ಹತ್ತಿಸಿ, ಕೊಪ್ಪಳದ ಮೋಟಾರು ರಿಪೇರಿ ಅಂಗಡಿಯೊಂದರಲ್ಲಿ ಬಿಟ್ಟು ಹೋದ.

ತಾಮ್ರದ ತಂತಿ ಸುತ್ತುತ್ತ ಕೈ ಪಳಗಿತು. ಮೋಟಾರಿನಿಂದ ಟಿವಿಗೆ, ಟಿವಿಯಿಂದ ಡಿಶ್ಶಿಗೆ, ಅಲ್ಲಿಂದ ಮನೆಗಳಿಗೆ ಕಾವಲು ಕ್ಯಾಮೆರಾ ಕೂಡಿಸುವ ಕೆಲಸಕ್ಕೆ ಬಂದೆ. ಯಾರೂ ಕೂಡಿಸಿಕೊಂಡು ಕಲಿಸಲಿಲ್ಲ. ಬಿಚ್ಚಿದೆ, ನೋಡಿದೆ, ಮತ್ತೆ ಕಟ್ಟಿದೆ.

ರಾತ್ರಿ ಕ್ಯಾಮೆರಾದೊಳಗಿನ ಸಣ್ಣ ದೀಪದ ಬೆಳಕು ಹತ್ತು ಮಾರಿನಾಚೆ ಹೋಗುವುದಿಲ್ಲ. ದೊಡ್ಡ ಹಿತ್ತಲಿಗೆ ಬೇರೆ ಐಆರ್ ದೀಪ ಕೂಡಿಸಬೇಕು. ಅದು ಉರಿಯುವುದು ಕ್ಯಾಮೆರಾಕ್ಕೆ ಕಾಣುತ್ತದೆ, ನಮಗೆ ಕಾಣುವುದಿಲ್ಲ. ಕುಷ್ಟಗಿಯ ಹೆಣ್ಣುಮಗಳೊಬ್ಬಳು ದೀಪ ಕೂಡಿಸಿದ ಮಾರನೆಯ ದಿನವೇ ಫೋನು ಮಾಡಿದಳು. "ಏನಣ್ಣಾರ, ಲೈಟ್ ಹಚ್ಚಿ ಹೋಗೀರಿ, ಒಲಿಯಾಗಿನ ಕೆಂಡದಷ್ಟೂ ಬೆಳಕಿಲ್ಲಲ್ರಿ! ಇದಕಿಂತ ನಮ್ಮ ಚಿಮಣಿನ ಛಲೋ ಇತ್ತು." ಮೊಬೈಲಿನ ಕ್ಯಾಮೆರಾ ತೆರೆದು ಅದರೊಳಗೆ ನೋಡಲು ಹೇಳಿದೆ. ನೇರಳೆ ಚುಕ್ಕೆಗಳು ಕಂಡಿರಬೇಕು. "ಅಯ್ಯ ಶಿವನ, ಐತ್ರಿ, ಐತಿ!" ಎಂದು ಫೋನಿಟ್ಟಳು.

ಈ ಕೆಲಸದಲ್ಲಿ ನನಗೆ ಜಂಬವಿತ್ತು. ಬೇರೆಯವರು ಕ್ಯಾಮೆರಾದ ಅಡಾಪ್ಟರಿಗೇ ದೀಪವನ್ನೂ ಸಿಕ್ಕಿಸಿಬಿಡುತ್ತಿದ್ದರು. ಹಗಲೆಲ್ಲ ಸರಿಯಿರುತ್ತಿತ್ತು. ಕತ್ತಲಾಗಿ ದೀಪ ಹೊತ್ತಿಕೊಂಡೊಡನೆ ಕರೆಂಟು ಸಾಲದೆ ಕ್ಯಾಮೆರಾ ಆರುತ್ತಿತ್ತು, ಏಳುತ್ತಿತ್ತು, ಮತ್ತೆ ಆರುತ್ತಿತ್ತು. ನಾನು ದೀಪಕ್ಕೆ ಬೇರೆಯದೇ ಅಡಾಪ್ಟರು ಇಟ್ಟು, ಇನ್ವರ್ಟರಿನ ಲೈನಿಗೆ ಕೊಡುತ್ತಿದ್ದೆ. ಸಣ್ಣ ವೈರಿನಲ್ಲಿ ಹನ್ನೆರಡು ವೋಲ್ಟು ಕಳಿಸಿದರೆ ಹಿತ್ತಲಿನ ತುದಿಗೆ ಒಂಬತ್ತು ಮುಟ್ಟುತ್ತದೆ. ಅದಕ್ಕೇ ದಪ್ಪ ವೈರು ಎಳೆದು, ತುದಿಯಲ್ಲಿ ಮೀಟರು ಹಿಡಿದು ನೋಡದೆ ಏಣಿ ಇಳಿಯುತ್ತಿರಲಿಲ್ಲ. ದೀಪವನ್ನು ಕ್ಯಾಮೆರಾದಿಂದ ಎರಡು ಮಾರು ದೂರ ಇಡುತ್ತಿದ್ದೆ, ಇಲ್ಲವಾದರೆ ಹುಳ ಮುತ್ತಿ, ಜೇಡ ಬಲೆ ಕಟ್ಟಿ ಚಿತ್ರವೆಲ್ಲ ಬೆಳ್ಳಗಾಗುತ್ತದೆ. ಕೊಪ್ಪಳದಿಂದ ಗಂಗಾವತಿಯವರೆಗೆ ನಾನು ಕೂಡಿಸಿದ ದೀಪ ಕೆಟ್ಟಿತೆಂದು ಒಬ್ಬರೂ ಅಂದಿರಲಿಲ್ಲ. ಆ ಮಾತನ್ನು ನಾನೇ ಹತ್ತು ಕಡೆ ಹೇಳಿಕೊಂಡು ತಿರುಗುತ್ತಿದ್ದೆ.

2018ರ ಬೇಸಿಗೆಯಲ್ಲಿ ಯಲಬುರ್ಗಾದ ಒಬ್ಬ ಸಾಹುಕಾರರ ಮನೆಯ ಕೆಲಸ ಬಂತು. ಹಿತ್ತಲಿನಲ್ಲಿ ಕಾಳಗಕ್ಕೆಂದು ಸಾಕಿದ ಎರಡು ಟಗರು ಇದ್ದವು. ಅವನ್ನು ನೋಡಿಕೊಳ್ಳಲು ಬೇವೂರಿನ ಒಬ್ಬ ಮುದುಕನಿದ್ದ, ನಾನು ಕಾಕಾ ಎನ್ನುತ್ತಿದ್ದೆ. ಹಿಕ್ಕೆ ಗುಡಿಸುವ ಕೆಲಸದಲ್ಲೂ ಮೈಮೇಲೆ ನೀಲಿ ಹಾಕಿ ಒಗೆದ ಬಿಳಿ ಅಂಗಿ. ನನ್ನ ಏಣಿ ಹಿಡಿದವನು ಅವನೇ.

"ಗಟ್ಟಿ ಹಿಡಿ ಕಾಕಾ, ಬಿದ್ದಗಿದ್ದೇನು."

"ಬಿದ್ರ ಟಗರಿನ ಮ್ಯಾಲ ಬೀಳು ತಮ್ಮಾ, ಮೆತ್ತಗಿರತೈತಿ. ಎದ್ದ ಮ್ಯಾಲಿಂದು ನಿಂದು, ಅದರದು!"

ಎರಡು ತಿಂಗಳಿಗೆ ಸಾಹುಕಾರರ ಫೋನು ಬಂತು. ದೊಡ್ಡ ಟಗರು ಕಳುವಾಗಿತ್ತು. ಹೋಗಿ ಆ ರಾತ್ರಿಯ ಚಿತ್ರ ತೆಗೆದು ತೋರಿಸಿದೆ. ಮುಖಕ್ಕೆ ಬಟ್ಟೆ ಸುತ್ತಿದ ಒಬ್ಬ ಟಗರಿನ ಹಗ್ಗ ಬಿಚ್ಚುತ್ತಿದ್ದ. ಸೊಂಟದಿಂದ ಕೆಳಗೆ ಹೊಟ್ಟಿನ ಚೀಲಗಳು ಅಡ್ಡ. ಮೇಲೆ ಕಾಣುವುದೆಲ್ಲ ಅಂಗಿ, ಹಾಲಿನಂಥ ಬಿಳಿ ಅಂಗಿ.

ಕೂಡಿದ್ದ ಐದಾರು ಜನ ಕಾಕಾನ ಕಡೆ ತಿರುಗಿದರು. ಅವನು ಆ ರಾತ್ರಿ ಬೇವೂರಿನ ಮನೆಯಲ್ಲಿದ್ದೆನೆಂದ. ಮನೆಯವರ ಸಾಕ್ಷಿ ಯಾರು ಕೇಳುತ್ತಾರೆ?

ಗಂಗಾವತಿಯಲ್ಲಿ ಒಮ್ಮೆ ಇಂಥದೇ ದೀಪ ಪರೀಕ್ಷೆ ಮಾಡುವಾಗ ನನ್ನ ಕರಿ ಟೀಶರ್ಟು ಪರದೆಯ ಮೇಲೆ ಬೆಳ್ಳಗೆ ಕಂಡದ್ದು ನೆನಪಾಯಿತು. ಅದನ್ನೇ ಹೇಳಿದೆ. "ಈ ಲೈಟಿನಾಗ ಕರೇ ಅಂಗೀನೂ ಬಿಳೇದ ಕಾಣತೈತ್ರಿ. ಇದನ್ನ ನೋಡಿ ಕಾಕಾ ಅನ್ನಾಕ ಬರಂಗಿಲ್ಲ."

"ಏ ಮೇಸ್ತ್ರಿ, ಕರೇದು ಬಿಳೇದಾಗಾಕ ಇದೇನು ಮಂತ್ರ ಏನು?" ಎಂದ ಸಾಹುಕಾರರು, ಸಂಜೆ ಕತ್ತಲಾಗುತ್ತಲೇ ತಮ್ಮ ತಂದೆಯ ಕಾಲದ ಕರಿ ಛತ್ರಿ ತರಿಸಿ ಹಿತ್ತಲಿನಲ್ಲಿ ಬಿಚ್ಚಿಸಿದರು. ಎಲ್ಲರೂ ಪರದೆಯ ಮುಂದೆ ಕೂತೆವು. ಛತ್ರಿ ಕಾಗೆಯಷ್ಟು ಕಪ್ಪಗಿತ್ತು.

ಯಾರೋ ನಕ್ಕರು. "ಎಷ್ಟನೇತ್ತಾ ಓದೀದಿ ಮೇಸ್ತ್ರಿ?"

ನನಗೆ ಮೈ ಉರಿಯಿತು. ಛತ್ರಿ ಯಾಕೆ ಬಿಳಿಯಾಗಲಿಲ್ಲ ಎಂಬುದು ನನಗೂ ಗೊತ್ತಿರಲಿಲ್ಲ. ಆಗ ಸಾಹುಕಾರರು ಮೆತ್ತಗಾದರು. ಅವರು ಕೆಟ್ಟ ಮನುಷ್ಯರಲ್ಲ. ಕಾಕಾ ಹದಿನಾಲ್ಕು ವರ್ಷ ಅವರ ಮನೆಯಲ್ಲಿ ದುಡಿದವನು. "ನೋಡು, ಒಂದ ಮಾತು ಹೇಳು. ನಿನ್ನ ಲೈಟ್ ಕೆಟ್ಟೈತಿ ಅನ್ನು. ಕೆಟ್ಟ ಲೈಟಿನ ಚಿತ್ರಾ ನಾ ನಂಬಂಗಿಲ್ಲ. ಮುದುಕ ಇದ್ದಲ್ಲೇ ಇರಲಿ."

ಕಾಕಾ ನನ್ನನ್ನೇ ನೋಡಿದ. ಕಂಬದ ಹತ್ತಿರ ಕೈಕಟ್ಟಿ ನಿಂತಿದ್ದ. ಎರಡು ಶಬ್ದದ ಸುಳ್ಳು, ಯಾರಿಗೂ ಕೇಡಿಲ್ಲ. ನನ್ನ ಬಾಯಿಂದ ಬಂದದ್ದು ಬೇರೆ.

"ನನ್ನ ಲೈಟ್ ಕೆಟ್ಟಿಲ್ರಿ. ನಾ ಕೂಡಿಸಿದ್ದು ಕೆಡಂಗಿಲ್ಲ."

"ಹಂಗಾದ್ರ ಬಿಳೇ ಅಂಗೀನ ಖರೆ ಆತು" ಎಂದರು ಸಾಹುಕಾರರು. ಕಾಕಾ ಒಳಗೆ ಹೋಗಿ ತನ್ನ ಚೀಲ, ಕಂಬಳಿ ತಂದ. ಉಳಿದ ಟಗರಿನ ಮುಂದೆ ಒಂದು ಹಿಡಿ ಮೇವು ಹಾಕಿ ಹೊರಟುಹೋದ. ನಾನು ವೈರು ಸುತ್ತುತ್ತ ನಿಂತಿದ್ದೆ.

ಮರುದಿನ ಕೊಪ್ಪಳದ ಅಂಗಡಿಯಲ್ಲಿ ಷಟರು ಎಳೆದು, ಒಂದು ಕ್ಯಾಮೆರಾ ಕಟ್ಟಿ, ದೀಪ ಹೊತ್ತಿಸಿ, ಮನೆಯಲ್ಲಿದ್ದ ಕರಿ ಬಟ್ಟೆಯನ್ನೆಲ್ಲ ಅದರ ಮುಂದೆ ಹಿಡಿದೆ. ಪರದೆಯ ಮೇಲೆ ಟೆರಿಕಾಟಿನ ಪ್ಯಾಂಟು ಬೆಳ್ಳಗೆ ಕಂಡಿತು, ಪಾಲಿಸ್ಟರಿನ ಟೀಶರ್ಟೂ ಬೆಳ್ಳಗೆ. ಹತ್ತಿಯ ಹಳೆಯ ಅಂಗಿ ಮಾತ್ರ ಕಪ್ಪಗೇ ಉಳಿಯಿತು. ಎಲ್ಲ ಕಪ್ಪೂ ಒಂದೇ ಅಲ್ಲ, ಅಷ್ಟೇ. ಛತ್ರಿಯದೂ ಹತ್ತಿಯ ಬಟ್ಟೆ. ಮೊಬೈಲಿನಲ್ಲಿ ಅದನ್ನು ತುಂಬಿಕೊಂಡು ಯಲಬುರ್ಗಾ ಬಸ್ಸು ಹತ್ತಿದೆ. ಸಾಹುಕಾರರು ಪೂರ್ತಿ ನೋಡಿದರು. "ಇರಬೌದಪಾ. ಆದ್ರ ಊರಾಗೆಲ್ಲಾ ಹಬ್ಬೇತಿ. ಈಗ ಕರೆದ್ರ ನಾನ ಸುಳ್ಳಾಕ್ಕೀನಿ" ಎಂದು ಮೊಬೈಲು ವಾಪಸು ಕೊಟ್ಟರು. ಅವರಿಗೂ ನನ್ನದೇ ರೋಗ.

ಅಲ್ಲಿಂದ ಬೇವೂರಿಗೆ ಹೋದೆ. ಕಾಕಾ ಕಟ್ಟೆಯ ಮೇಲೆ ಕೂತಿದ್ದ. ಮೊಬೈಲು ತೋರಿಸಹೋದರೆ ಕೈಯಿಂದ ಸರಿಸಿದ.

"ನನಗ ಯಾಕ ತೋರಸ್ತಿ ತಮ್ಮಾ? ನಾ ಕದ್ದಿಲ್ಲ ಅನ್ನೂದು ನನಗ ಗೊತ್ತಿಲ್ಲೇನು?"

"ತಪ್ಪಾತು ಕಾಕಾ."

"ನಿನ್ನ ಲೈಟ್ ಛಲೋ ಐತಿ. ಅದರ ಬಗ್ಗೆ ಯಾರೂ ಏನೂ ಅನ್ನಲಿಲ್ಲ ನೋಡು. ನನ್ನ ಮಾತ್ರ ಕಳ್ಳ ಅಂದ್ರು." ಸಿಟ್ಟಿನಿಂದ ಹೇಳಲಿಲ್ಲ. ಸಿಟ್ಟಿದ್ದರೆ ನನಗೆ ಹಗುರಾಗುತ್ತಿತ್ತು. ಒಳಗಿನಿಂದ ಅವನ ಹೆಂಡತಿ ನೀರು ತಂದಳು. ಕುಡಿದೆ. ಕೂಡು ಎಂದು ಯಾರೂ ಅನ್ನಲಿಲ್ಲ.

ಆಮೇಲೆ ಅವನನ್ನು ಕುರಿ ಕಾಯಲು ಆ ಕಡೆಯ ಯಾವ ಊರವರೂ ಕರೆಯಲಿಲ್ಲವಂತೆ. ಮರುವರ್ಷ ಹೋದಾಗ ಮನೆಗೆ ಬೀಗವಿತ್ತು. ಗಂಡಹೆಂಡತಿ ಗಂಗಾವತಿ ಕಡೆಯ ಭತ್ತದ ಗದ್ದೆಗೆ ಕೂಲಿಗೆ ಹೋಗಿದ್ದಾರೆಂದರು. ಆ ಕಡೆ ಗದ್ದೆಗಳ ನಡುವಿನ ಹಳ್ಳಿಗೆ ಕ್ಯಾಂಪು ಎನ್ನುತ್ತಾರೆ. ಯಾವ ಕ್ಯಾಂಪು ಎಂದು ಯಾರಿಗೂ ಗೊತ್ತಿಲ್ಲ. ಗಂಗಾವತಿಯಲ್ಲಿ ಕೆಲಸವಿದ್ದಾಗ ಎರಡು ಮೂರು ಕ್ಯಾಂಪು ತಿರುಗಿದೆ. ಸಿಗಲಿಲ್ಲ. ಸಿಕ್ಕಿದ್ದರೂ ಏನು ಹೇಳುತ್ತಿದ್ದೆನೋ.

ಈಗ ನನ್ನ ಹತ್ತಿರ ಒಂದು ಬಾಡಿಗೆ ಅಂಗಡಿ, ಎರಡು ಏಣಿ, ಎರಡು ಡ್ರಿಲ್ ಮಷಿನ್ನು, ಒಂದು ಮೀಟರು, ಒಂದು ಹಳೆಯ ಬೈಕು ಇವೆ. ಹೆಂಡತಿ, ಇಬ್ಬರು ಹೆಣ್ಣುಮಕ್ಕಳು ಇದ್ದಾರೆ. ನಾಲ್ಕು ತಾಲೂಕಿನಲ್ಲಿ ನಾನು ಕೂಡಿಸಿದ ದೀಪಗಳು ನೂರ ನಲವತ್ತೊಂದು. ಯಲಬುರ್ಗಾದ್ದು ಸೇರಿ ಎಲ್ಲವೂ ಉರಿಯುತ್ತಿವೆ.