ಕೋಟು ಒಗೆಯುವವರು

ಅತ್ತೆಯನ್ನು ಊರಿಗೆ ಕಳಿಸಲು ವಾಷಿಂಗ್ಟನ್ ಏರ್‌ಪೋರ್ಟಿಗೆ ಹೊರಟವನು, ಸಮಯವಿದೆಯಲ್ಲ ಎಂದು ದಾರಿಯಲ್ಲಿ ವರ್ಜೀನಿಯಾದ ಒಂದು ಮ್ಯೂಸಿಯಂ ತೋರಿಸಿದೆ. ಅಲ್ಲಿಯ ಸಿಬ್ಬಂದಿ ಅಮೆರಿಕ ಸ್ವತಂತ್ರವಾದ ಕಾಲದವರಂತೆ ವೇಷ ಹಾಕಿ, ಆಮೇಲಿನದೇನೂ ಗೊತ್ತಿಲ್ಲದವರಂತೆ ಮಾತಾಡುತ್ತಾರೆ.

ಬಿಳಿ ವಿಗ್ಗು, ಉದ್ದ ಕೋಟಿನ ಹಿರಿಯರೊಬ್ಬರು, "ನಾವಿನ್ನು ದೊರೆಯ ಪ್ರಜೆಗಳಲ್ಲ. ಯಾರು ಹೇಳಿದರೂ ಬುದ್ಧಿಗೆ ಒಪ್ಪಿದರಷ್ಟೇ ನಂಬುತ್ತೇವೆ. ಮನುಷ್ಯರೆಲ್ಲ ಸಮಾನರು" ಎಂದರು. ಅದನ್ನು ಕನ್ನಡದಲ್ಲಿ ಹೇಳಿದೆ.

"ಹಾಗಾದ್ರೆ ಇವರ ಕೋಟು ಒಗೆಯೋರು ಯಾರು, ಕೇಳಿ" ಎಂದರು ಅತ್ತೆ.

ಕೇಳಿದೆ. ಅವರು ಕೋಟಿನ ತೋಳು ನೋಡಿಕೊಂಡು, "ಗುಲಾಮರು. ನಮ್ಮ ಬುದ್ಧಿ ಇನ್ನೂ ಅಲ್ಲಿಯವರೆಗೆ ಹೋಗಿಲ್ಲ" ಎಂದರು.

ಹೊರಗೆ ಬಂದರೆ ಕಾರು ಸ್ಟಾರ್ಟ್ ಆಗಲಿಲ್ಲ. ಸೆಲ್‌ಫೋನಿಗೆ ಸಿಗ್ನಲ್ ಇಲ್ಲ. ಈ ವಿಮಾನ ತಪ್ಪಿದರೆ ಅತ್ತೆಗೆ ತಮ್ಮನ ಮಗಳ ಮದುವೆಯೂ ತಪ್ಪುತ್ತಿತ್ತು. ಓಡಿಹೋಗಿ ಆ ವಿಗ್ಗಿನ ಹಿರಿಯರಿಗೇ ಹೇಳಿದೆ.

"ಕುದುರೆಯಿಲ್ಲದ ಗಾಡಿಯೇ? ಬುದ್ಧಿಗೆ ಒಪ್ಪುವುದಿಲ್ಲ" ಎಂದು ಎಲ್ಲರಿಗೂ ಕೇಳುವಂತೆ ಹೇಳಿ, ಮೆಲ್ಲಗೆ "ಎಲ್ಲಿ ನಿಲ್ಲಿಸಿದ್ದೀರಿ?" ಎಂದರು.

ವಿಗ್ ತೆಗೆದಿಟ್ಟು, ತಮ್ಮ ಟ್ರಕ್ ತಂದು, ಬ್ಯಾಟರಿಗೆ ಕೇಬಲ್ ಜೋಡಿಸಿ ಕಾರು ಎಬ್ಬಿಸಿದರು. ಅತ್ತೆ ಕೈಮುಗಿದರು. ಹಿರಿಯರು ಗ್ರೀಸ್ ಮೆತ್ತಿದ್ದ ಕೋಟಿನ ತೋಳು ತೋರಿಸಿ, "ಇದನ್ನು ನಾನೇ ಒಗೆಯುತ್ತೇನೆಂದು ಅಮ್ಮನವರಿಗೆ ಹೇಳಿ" ಎಂದರು.

ಅಮೆರಿಕ ಬಹಳ ಮುಂದುವರಿದಿದೆ ಎಂದು ಅತ್ತೆ ಮದುವೆಮನೆಯಲ್ಲಿ ಹೇಳಿದರಂತೆ. ಎಲ್ಲರೂ ರಾಕೆಟ್ಟಿನ ಮಾತೆಂದುಕೊಂಡರು.